ಎರೆನೆಲದ ಮೇಲೆ ಎತ್ತರದ ಮನೆ

2016ರ ಏಪ್ರಿಲ್‌ನಲ್ಲಿ ಲಾತೂರಿಗೆ ಕುಡಿಯುವ ನೀರು ರೈಲಿನಲ್ಲಿ ಬಂತು. ಮಿರಜದಿಂದ ಹೊರಟ ‘ಜಲದೂತ’ದ ಟ್ಯಾಂಕರುಗಳ ಚಿತ್ರ ದೇಶದ ಪತ್ರಿಕೆಗಳಲ್ಲೆಲ್ಲ ಅಚ್ಚಾಗಿ, ಮರಾಠವಾಡ ಎಂದರೆ ಬಾಯ್ಬಿಟ್ಟ ಹೊಲ, ಬತ್ತಿದ ಬಾವಿ ಎಂಬ ಮಾತು ಮತ್ತಷ್ಟು ಗಟ್ಟಿಯಾಯಿತು. ಆರು ತಿಂಗಳು ತುಂಬುವಷ್ಟರಲ್ಲಿ ಅದೇ ಲಾತೂರ ಜಿಲ್ಲೆಯಲ್ಲಿ ಮಳೆ ಹಿಡಿದು, ಹೊಳೆಹಳ್ಳಗಳು ದಂಡೆ ಮೀರಿ, ನೀರಿನಲ್ಲಿ ಸಿಕ್ಕಿಬಿದ್ದವರನ್ನು ದಡ ಸೇರಿಸಲು ರಕ್ಷಣಾ ಪಡೆ ಬರಬೇಕಾಯಿತು. 2021ರ ಸೆಪ್ಟೆಂಬರ್ ಕೊನೆಗೆ ‘ಗುಲಾಬ್’ ಚಂಡಮಾರುತದ ಬಾಲ ಈ ಕಡೆ ಹಾಯ್ದಾಗ ಮಾಂಜ್ರಾ ಅಣೆಕಟ್ಟೆಯ ಗೇಟುಗಳನ್ನು ಎತ್ತಲೇಬೇಕಾಯಿತು. ಮಾಂಜ್ರಾ, ತೇರಣಾ ಎರಡೂ ಸೋಯಾಬೀನ್ ಹೊಲಗಳ ಮೇಲೆ ಹರಿದವು. 2025ರ ಆಗಸ್ಟ್‌ನಲ್ಲಿ ಉದಗೀರದ ಸುತ್ತ ಸುರಿದ ಮಳೆ ಲೇಂಡಿ ಹೊಳೆಗುಂಟ ಕೆಳಗಿಳಿದು, ನಾಂದೇಡ ಜಿಲ್ಲೆಯ ಮುಖೇಡ ತಾಲ್ಲೂಕಿನ ಹಸನಾಳ, ರಾವಣಗಾಂವ್‌ನಂಥ ಊರುಗಳಿಗೆ ರಾತ್ರೋರಾತ್ರಿ ನುಗ್ಗಿತು.

ಇಂಥ ಪ್ರತಿ ಮಳೆಗಾಲದ ಬೆನ್ನಿಗೆ ಮನೆ ಕಟ್ಟುವವರ ತಲೆಯಲ್ಲಿ ಮೊದಲು ಮೂಡುವ ಚಿತ್ರ ಒಂದೇ: ಕಾಂಕ್ರೀಟ್ ಕಂಬಗಳ ಮೇಲೆ ನಿಂತ ಮನೆ. ಕೆಳಗೆ ಖಾಲಿ, ಅಲ್ಲಿ ಟ್ರ್ಯಾಕ್ಟರ್, ಮೇಲೆ ಸಂಸಾರ. ಪೇಟೆಯ ಅಪಾರ್ಟ್‌ಮೆಂಟಿನ ಈ ಮಾದರಿ ಹಳ್ಳಿಗೂ ಬಂದಿದೆ, ನೋಡಲು ಸರಳವೂ ಆಗಿದೆ. ಆದರೆ ಉಮರ್ಗಾ, ನಿಲಂಗಾ, ಉದಗೀರದ ಸೀಮೆ ಎತ್ತರದ ಮನೆಯನ್ನು ಈಗಷ್ಟೇ ಕಲಿಯುತ್ತಿರುವ ಸೀಮೆಯಲ್ಲ. ಇಲ್ಲಿ ಮನೆ ಎತ್ತರಿಸುವ ವಿದ್ಯೆಗೆ ಎರಡು ಸಾವಿರ ವರ್ಷದ ಚರಿತ್ರೆಯಿದೆ. ಆ ಚರಿತ್ರೆಯಲ್ಲಿ ಕಂಬಗಳ ಮೇಲೆ ನಿಂತ ಮನೆ ಮಾತ್ರ ಎಲ್ಲೂ ಇಲ್ಲ.

ಸೀಮೆಯ ಪರಿಚಯ ಮೊದಲು. ಬಾಲಾಘಾಟದ ಗುಡ್ಡಗಳಲ್ಲಿ ಹುಟ್ಟುವ ಮಾಂಜ್ರಾ ಬೀಡ, ಧಾರಾಶಿವ, ಲಾತೂರ ಜಿಲ್ಲೆಗಳನ್ನು ಸವರಿಕೊಂಡು ಬಂದು ನಿಲಂಗಾ ತಾಲ್ಲೂಕಿನ ಔರಾದ್ ಶಹಾಜಾನಿಯ ಕಡೆ ತೇರಣಾವನ್ನು ಕೂಡಿಸಿಕೊಂಡು ಬೀದರ ಜಿಲ್ಲೆಗೆ ಇಳಿಯುತ್ತದೆ. ಗಡಿಗೆರೆ ಹೊಳೆಗೆ ಗೊತ್ತಿಲ್ಲ. ಹಾಗೆ ನೋಡಿದರೆ ಗೆರೆಯೇ ಹೊಸದು. ನಿಲಂಗಾ, ಉದಗೀರ, ಅಹಮದಪುರ ತಾಲ್ಲೂಕುಗಳು 1956ರ ರಾಜ್ಯ ಪುನರ್ವಿಂಗಡಣೆಯ ತನಕ ನಿಜಾಮ ಸೀಮೆಯ ಬೀದರ ಜಿಲ್ಲೆಯಲ್ಲೇ ಇದ್ದವು. ಆಮೇಲೆ ಉಸ್ಮಾನಾಬಾದಿಗೆ (ಇಂದಿನ ಧಾರಾಶಿವಕ್ಕೆ) ಸೇರಿ, 1982ರಲ್ಲಿ ಲಾತೂರ ಜಿಲ್ಲೆಯಾದಾಗ ಅದರ ಪಾಲಾದವು. ಉಮರ್ಗಾದಿಂದ ಹೈದರಾಬಾದ್ ಹೆದ್ದಾರಿ ಹಿಡಿದರೆ ಬಸವಕಲ್ಯಾಣದ ತಿರುವು ಬರಲು ಹೆಚ್ಚು ಹೊತ್ತು ಬೇಡ. ಭಾಲ್ಕಿಯ ಮಾಳಿಗೆ ಮನೆಯನ್ನೂ ನಿಲಂಗಾದ ಮಾಳಿಗೆ ಮನೆಯನ್ನೂ ಅಕ್ಕಪಕ್ಕ ಇಟ್ಟರೆ ಯಾವುದು ಯಾವ ರಾಜ್ಯದ್ದೆಂದು ಹೇಳುವುದು ಕಷ್ಟ. ಬೀದರ ಊರಿನ ಕಡೆ ಕೆಂಪು ಜಂಬಿಟ್ಟಿಗೆ, ಈ ಕಡೆ ಕರಿಗಲ್ಲು. ವ್ಯತ್ಯಾಸ ಮಣ್ಣು ಕೊಟ್ಟದ್ದು, ಭಾಷೆ ಕೊಟ್ಟದ್ದಲ್ಲ.

ತೇರಣಾದ ಮೇಲ್ದಂಡೆಯಲ್ಲಿ ತೇರ್ ಎಂಬ ಊರಿದೆ. ಇವತ್ತು ಸಣ್ಣ ಊರು. ಕ್ರಿಸ್ತಶಕದ ಮೊದಲ ಶತಮಾನದಲ್ಲಿ ಗ್ರೀಕ್ ನಾವಿಕನೊಬ್ಬ ಬರೆದಿಟ್ಟ ‘ಪೆರಿಪ್ಲಸ್’ ಪ್ರವಾಸ ಕೈಪಿಡಿಯಲ್ಲಿ ಇದು ‘ತಗರ’. ಪೈಠಣದ ಜೊತೆ ಹೆಸರಾಗಿದ್ದ, ಬಟ್ಟೆ ವ್ಯಾಪಾರದ ದೊಡ್ಡ ಪಟ್ಟಣ. ಮುಂದೆ ಕೊಲ್ಲಾಪುರ, ಕೊಂಕಣದ ಕಡೆ ಆಳಿದ ಶಿಲಾಹಾರರು ತಮ್ಮ ಶಾಸನಗಳಲ್ಲಿ ‘ತಗರಪುರವರಾಧೀಶ್ವರ’ ಎಂದು ಕರೆದುಕೊಂಡರು. ಕೊಲ್ಲಾಪುರದ ಶಿಲಾಹಾರರ ಕನ್ನಡ ಶಾಸನ ಓದಿದವರಿಗೆ ಈ ಬಿರುದು ಹೊಸದಲ್ಲ. ತೇರ್‌ನಲ್ಲಿ ಕಣ್ಣಿಗೆ ಬೀಳುವುದು ದಿಬ್ಬಗಳು. ಶಾತವಾಹನರ ಕಾಲದ ಇಟ್ಟಿಗೆ, ಮಣಿ, ಮಣ್ಣಿನ ಗೊಂಬೆ, ದಂತದ ಕೆಲಸ ಆ ದಿಬ್ಬಗಳಿಂದಲೇ ಬಂದಿವೆ. ಊರಿನ ರಾಮಲಿಂಗಪ್ಪ ಲಾಮತುರೆ ವಸ್ತುಸಂಗ್ರಹಾಲಯದಲ್ಲಿ ಅವನ್ನು ನೋಡಬಹುದು. ಮನೆ ಬಿದ್ದಲ್ಲೇ ಮನೆ ಕಟ್ಟಿ, ಬಿದ್ದ ಗೋಡೆಯ ಮಣ್ಣನ್ನು ಹೊರಗೆ ಸಾಗಿಸದೆ ಅಲ್ಲೇ ತಟ್ಟಿ, ಅದರ ಮೇಲೆ ಹೊಸ ಪಾಯ ಹಾಕಿ, ತಲೆಮಾರಿನಿಂದ ತಲೆಮಾರಿಗೆ ಊರು ತಾನಾಗಿ ಎತ್ತರಕ್ಕೆ ಏರಿತು.

ಈ ಎತ್ತರಕ್ಕೆ ಇಲ್ಲಿಯವರು ಕೊಟ್ಟ ಹೆಸರು ಪಾಂಢರಿ. ಹೊಲದ ಕರಿ ಎರೆ ‘ಕಾಳಿ’, ಊರಿನ ಬೂದು ಬಿಳಿಮಣ್ಣು ‘ಪಾಂಢರಿ’. ಉಳುವುದು ಒಂದರ ಮೇಲೆ, ಬಾಳುವುದು ಇನ್ನೊಂದರ ಮೇಲೆ. ಶತಮಾನಗಳ ಬೂದಿ, ಸೆಗಣಿ, ಹೊಟ್ಟು, ಕರಗಿದ ಗೋಡೆ ಸೇರಿ ಆದ ಈ ಬಿಳಿಮಣ್ಣು ಎರೆಯಂತೆ ಮಳೆಗೆ ಉಬ್ಬುವುದಿಲ್ಲ, ಬೇಸಿಗೆಗೆ ಬಿರಿಯುವುದಿಲ್ಲ. ಗೋಡೆಗೆ ಅದೇ ಮಣ್ಣು, ಮಾಳಿಗೆ ಮೇಲಿನ ಮುದ್ದೆಗೆ ಅದೇ ಮಣ್ಣು. ಗಾವಠಾಣವೆಂದು ಕಂದಾಯ ಇಲಾಖೆಯ ನಕಾಶೆಯಲ್ಲಿ ಗೆರೆ ಎಳೆದಿರುವ ಊರ ನೆಲ ಬಹಳ ಕಡೆ ಈ ಹಳೆಯ ದಿಬ್ಬವೇ.

ನೀರು ಎಲ್ಲಿಯ ತನಕ ಬರುತ್ತದೆ ಎಂಬ ಲೆಕ್ಕ ಊರಿಗೆ ಇತ್ತು ಎನ್ನುವುದಕ್ಕೆ ಹಗೇವುಗಳು ಸಾಕ್ಷಿ. ಬಿಳಿಜೋಳ ತುಂಬಿಡುವ ಆಳದ ಕಣಜದ ಗುಂಡಿ: ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದು, ಒಡಲು ಹೂಜಿಯಂತೆ ಅಗಲ, ಒಳಗೆಲ್ಲ ಒಣಹುಲ್ಲಿನ ಹೊದಿಕೆ, ಬಾಯಿಗೆ ಹಾಸುಬಂಡೆ, ಬಂಡೆಯ ಮೇಲೆ ಮಣ್ಣು. ವರ್ಷಗಟ್ಟಲೆ ಮುಚ್ಚಿದ ಹಗೇವು ತೆಗೆದಾಗ ತಕ್ಷಣ ಯಾರೂ ಇಳಿಯುವುದಿಲ್ಲ. ಒಳಗೆ ಕಟ್ಟಿದ ಗಾಳಿ ಉಸಿರು ಕಟ್ಟಿಸುತ್ತದೆ. ಮೊದಲು ದೀಪ ಇಳಿಬಿಟ್ಟು, ಅದು ಉರಿಯುತ್ತಿದ್ದರೆ ಮಾತ್ರ ಆಳು ಇಳಿಯಬೇಕು. ಇಂಥ ಗುಂಡಿಗೆ ಒಂದು ಕೊಡ ನೀರು ಹೊಕ್ಕರೂ ಬರಗಾಲಕ್ಕೆಂದು ಇಟ್ಟ ಜೋಳವೆಲ್ಲ ಹಾಳು. ಆದ್ದರಿಂದ ಹಗೇವು ತೋಡಿದ ಜಾಗವೆಂದರೆ ಹೊಳೆ ಎಂದೂ ಮುಟ್ಟದ ಜಾಗವೆಂದು ಅಲ್ಲಿಯ ಹಿರಿಯರು ತೀರ್ಮಾನಿಸಿದ ಜಾಗ. ನೀರಾವರಿ ಇಲಾಖೆಯವರು ಗರಿಷ್ಠ ನೆರೆಮಟ್ಟ ಗುರುತಿಸಲು ಹೊರಟಾಗ ಊರಿನ ಹಳೆಯ ಹಗೇವುಗಳ ಬಾಯಿಗಳನ್ನು ಒಮ್ಮೆ ಅಳತೆ ಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಹಾಗೆಂದು ಈ ದಿಬ್ಬವನ್ನು ಹಾಡಿ ಹೊಗಳಿ ಕೂರುವಂತಿಲ್ಲ. ಎತ್ತರ ಎಲ್ಲರಿಗೂ ಸಿಕ್ಕಿರಲಿಲ್ಲ. ದಿಬ್ಬದ ನೆತ್ತಿಯಲ್ಲಿ ದೇಶಮುಖ, ಪಾಟೀಲರ ಗಢಿ, ಅದರ ಸುತ್ತ ಒಕ್ಕಲು ಮನೆತನಗಳ ವಾಡೆಗಳು, ಮುಂದೆ ಕಸುಬಿನವರು. ಮುಟ್ಟಬಾರದವರೆಂದು ದೂರ ಇಟ್ಟವರ ಕೇರಿಗಳು ಪಾಂಢರಿಯ ಹೊರಗೆ, ಬಹಳ ಊರುಗಳಲ್ಲಿ ತಗ್ಗಿಗೆ. ಹೊಳೆ ಏರಿದಾಗ ಯಾರ ಹೊಸ್ತಿಲು ಮೊದಲು ತೊಯ್ಯುತ್ತದೆ ಎಂಬುದನ್ನು ಜಾತಿ ಮೊದಲೇ ಬರೆದಿಟ್ಟಿತ್ತು.

ಗಢಿ ಎಂದರೆ ಈ ನಾಡಿನ ಎತ್ತರದ ಮನೆಯ ಪೂರ್ಣ ರೂಪ. ಕೆಳಗೆ ಆಳೆತ್ತರಕ್ಕೂ ಮಿಕ್ಕ ಕರಿಗಲ್ಲಿನ ಕಟ್ಟಡ, ಅದರ ಮೇಲೆ ಒಳಕ್ಕೆ ತುಸು ವಾಲಿದ ಬಿಳಿಮಣ್ಣಿನ ದಪ್ಪ ಗೋಡೆ, ಮೂಲೆಗಳಲ್ಲಿ ಹುಡೇವು, ಕುದುರೆ ಹತ್ತುವಂಥ ಓರೆದಾರಿ, ದೊಡ್ಡ ಬಾಗಿಲು. ಬಾಗಿಲು ದಾಟಿದರೆ ಅಂಗಳ ಬೀದಿಗಿಂತ ಎಷ್ಟೋ ಮೇಲೆ. ಕಟ್ಟಿಸಿದ್ದು ಕಳ್ಳರ, ಪಿಂಡಾರಿಗಳ, ನೆರೆಯ ದೇಶಮುಖರ ಭಯಕ್ಕೆ. 1760ರ ಫೆಬ್ರುವರಿಯಲ್ಲಿ ಮರಾಠಾ ಸೇನಾನಿ ಸದಾಶಿವರಾವ್ ಭಾವೂ ನಿಜಾಮನ ಸೈನ್ಯವನ್ನು ಸೋಲಿಸಿದ್ದು ಇದೇ ಉದಗೀರದಲ್ಲಿ. ದಂಡುಗಳ ಓಡಾಟ ನಿಲ್ಲದ ಕಾಲವದು. ದಂಡಿಗೆಂದು ಕಟ್ಟಿದ ಎತ್ತರ ಹೊಳೆಗೂ ಒದಗಿತು. ಹೈದರಾಬಾದ್ ಸಂಸ್ಥಾನ 1948ರ ಸೆಪ್ಟೆಂಬರ್‌ನಲ್ಲಿ ಭಾರತಕ್ಕೆ ಸೇರಿ, ಮರುವರ್ಷ ಜಹಗೀರುಗಳು ರದ್ದಾದ ಮೇಲೆ ಗಢಿಗಳನ್ನು ನೋಡಿಕೊಳ್ಳುವವರಿಲ್ಲವಾಯಿತು. ಮಾಳಿಗೆಗೆ ಒಳ್ಳೆಯ ಬಿಳಿಮಣ್ಣು ಬೇಕಾದವರು ಗಢಿಯ ಗೋಡೆಯನ್ನೇ ಅಗೆದರು. ಕರಾವಳಿಯ ನೆರೆಗೆ ಮಣ್ಣಿನ ದಿಬ್ಬ ಕಟ್ಟಿ ಅದರ ಮೇಲೆ ಊರು ಮಾಡಿಕೊಂಡಿದ್ದ ಹಾಲೆಂಡಿನ ಫ್ರೀಸ್‌ಲ್ಯಾಂಡಿನವರೂ ಹಾಗೆಯೇ ಮಾಡಿದ್ದರು. ಎರಡು ಸಾವಿರ ವರ್ಷದ ‘ಟೆರ್ಪ್’ ದಿಬ್ಬಗಳ ಮಣ್ಣನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಗೊಬ್ಬರವೆಂದು ದೋಣಿಗಟ್ಟಲೆ ಮಾರಿದರು.

ಗಢಿ ಇಲ್ಲದವರ ಮನೆಯಲ್ಲೂ ಎತ್ತರದ ಮೆಟ್ಟಿಲುಗಳಿದ್ದವು. ಬೀದಿಯಿಂದ ಕಟ್ಟೆ ಒಂದು ಮೆಟ್ಟಿಲು ಮೇಲೆ. ತಲೆಬಾಗಿಲು ದಾಟಿದರೆ ದನದ ಅಂಕಣ. ಎತ್ತುಗಳು, ಗ್ವಾದಲಿ, ಮೇವು ಎಲ್ಲ ಅಲ್ಲಿ. ಅಲ್ಲಿಂದ ಎರಡಡಿ ಮೇಲೆ ಪಡಸಾಲೆ: ಕೂರುವುದು, ಉಣ್ಣುವುದು, ಮಲಗುವುದು. ಅದರ ಒಳಗೆ ಅಡುಗೆ ಮನೆ, ದೇವರ ಜಗಲಿ, ಕಾಳಿನ ಚೀಲ. ಮೇಲೆ ಸಾಗುವಾನಿ ಕಂಬ, ತೊಲೆ, ಜಂತಿ, ಹಲಗೆ; ಹಲಗೆ ಮೇಲೆ ಮಣ್ಣು. ಮನೆಯ ದೊಡ್ಡಸ್ತಿಕೆ ಎಷ್ಟು ಅಂಕಣದ್ದು ಎಂಬುದರ ಮೇಲೆ. ನೀರು ಬೀದಿಗೆ ಬಂದರೆ ದನ ಬಿಚ್ಚಿ ಮೇಲಕ್ಕೆ ಹೊಡೆದು, ಮನೆಯವರು ಪಡಸಾಲೆಯಲ್ಲಿ ಇರಬಹುದು. ಪಡಸಾಲೆಗೂ ಬಂದರೆ ಏಣಿ ಹತ್ತಿ ಮಾಳಿಗೆ. ನೆರೆಮನೆಯ ಮಾಳಿಗೆ ತಾಗಿಯೇ ಇರುತ್ತಿದ್ದುದರಿಂದ ಮಾಳಿಗೆಯಿಂದ ಮಾಳಿಗೆಗೆ ಊರು ತುಂಬ ನಡೆದುಹೋಗಬಹುದಿತ್ತು.

ಆ ಮಾಳಿಗೆಯ ಮಣ್ಣೇ ಮುಂದೆ ಜೀವ ತೆಗೆಯಿತು.

ಪ್ರತಿ ಮಳೆಗಾಲದ ಮುಂಚೆ ಸೋರುವ ಮಾಳಿಗೆಗೆ ಹೊಸ ಮಣ್ಣು ಹಾಕಿ ತುಳಿಸುವುದು ವಾಡಿಕೆ. ಹಳೆಯದನ್ನು ಕೆಳಗಿಳಿಸುವುದು ಅಪರೂಪ. ಅಜ್ಜನ ಕಾಲದಲ್ಲಿ ಒಂದಡಿ ಇದ್ದದ್ದು ಮೊಮ್ಮಗನ ಕಾಲಕ್ಕೆ ಎರಡಡಿ ಮೀರುತ್ತಿತ್ತು. ಗೋಡೆಗಳೋ ಎರಡು ಮೂರು ಅಡಿ ದಪ್ಪ, ಕೆಲವೆಡೆ ಇನ್ನೂ ಹೆಚ್ಚು. ಹೊರಗೊಂದು ಸಾಲು ಕಲ್ಲು, ಒಳಗೊಂದು ಸಾಲು, ನಡುವೆ ಚೂರುಕಲ್ಲು, ಮಣ್ಣು. ಎರಡು ಸಾಲನ್ನೂ ಹಿಡಿದಿಡುವ ಉದ್ದದ ಕಲ್ಲು ಇರಿಸುವ ಗೌಂಡಿಗಳು ಕಡಿಮೆಯಾಗಿದ್ದರು. 1992ರ ಆಗಸ್ಟ್‌ನಿಂದ ಅಕ್ಟೋಬರ್ ತನಕ ಕಿಲ್ಲಾರಿಯಲ್ಲಿ ನೆಲ ಹಲವು ಸಲ ಗುಡುಗಿ ನಡುಗಿತು, ಜನ ಹೆದರಿ ಬಯಲಲ್ಲಿ ಮಲಗಿದರು. ಆಮೇಲೆ ತಣ್ಣಗಾಯಿತು. 1993ರ ಸೆಪ್ಟೆಂಬರ್ 29 ಅನಂತ ಚತುರ್ದಶಿ. ಗಣಪತಿಗಳನ್ನು ಹೊಳೆಗೆ ಬಿಟ್ಟು ಬಂದು ಊರುಗಳು ತಡವಾಗಿ ಮಲಗಿದವು. ಬೆಳಗಿನ ಜಾವ 3 ಗಂಟೆ 56 ನಿಮಿಷಕ್ಕೆ 6.2 ಪ್ರಮಾಣದ ಭೂಕಂಪ. ಔಸಾ ತಾಲ್ಲೂಕಿನ ಕಿಲ್ಲಾರಿ, ಆಗ ಉಮರ್ಗಾ ತಾಲ್ಲೂಕಿನಲ್ಲಿದ್ದ ಸಾಸ್ತೂರ, ಹೋಳಿ, ಪೇಠ ಸಾಂಗವಿ, ನಿಲಂಗಾ ಕಡೆಯ ಹಳ್ಳಿಗಳು ಕ್ಷಣದಲ್ಲಿ ಕಲ್ಲುರಾಶಿಯಾದವು. ಸತ್ತವರು 7,928 ಎಂದು ಒಂದು ಸರ್ಕಾರಿ ಲೆಕ್ಕ; ಹತ್ತು ಸಾವಿರದ ಹತ್ತಿರ ಎಂದು ಇನ್ನೊಂದು.

ಆ ರಾಶಿಯ ನಡುವೆ ತಜ್ಞರು ಗಮನಿಸಿದ ಒಂದು ಸಂಗತಿ ಇದೆ. ಕಂಬ-ತೊಲೆಗಳ ಮೇಲೆ ಮಾಳಿಗೆ ಹೊತ್ತ ಎಷ್ಟೋ ಮನೆಗಳಲ್ಲಿ ಗೋಡೆ ಹೊರಕ್ಕೆ ಉರುಳಿದರೂ ಕಟ್ಟಿಗೆಯ ಚೌಕಟ್ಟು ನಿಂತೇ ಇತ್ತು. ಕಟ್ಟಿಗೆ ಕೊಳ್ಳಲಾಗದೆ ಜಂತಿಯನ್ನು ನೇರವಾಗಿ ಗೋಡೆಗೆ ಕೂರಿಸಿದವರ ಮನೆಯಲ್ಲಿ ಗೋಡೆಯ ಜೊತೆ ಮಣ್ಣೆಲ್ಲ ಕೆಳಗೆ ಬಂತು. ಇಲ್ಲಿಯೂ ಬಡವರಿಗೇ ಹೆಚ್ಚಿನ ಪೆಟ್ಟು.

ವಿಶ್ವಬ್ಯಾಂಕಿನ ಸಾಲದಿಂದ ಮಹಾರಾಷ್ಟ್ರ ಸರ್ಕಾರ ಹಮ್ಮಿಕೊಂಡ ಪುನರ್ವಸತಿ ಆ ಕಾಲಕ್ಕೆ ದೇಶದ ದೊಡ್ಡ ಮನೆ ಕಟ್ಟುವ ಕೆಲಸ. 52 ಹಳ್ಳಿಗಳನ್ನು ಪೂರ್ತಿ ಎತ್ತಿ ಬೇರೆಡೆ ಇಡಲಾಯಿತು. ಉಳಿದ ಊರುಗಳಲ್ಲಿ ಲಕ್ಷಕ್ಕೂ ಮಿಕ್ಕ ಮನೆಗಳ ದುರಸ್ತಿ. ಹೊಳೆದಂಡೆಯ ಆಳದ ಎರೆಯ ಮೇಲಿನ ಊರುಗಳಿಗೆ ಹೆಚ್ಚು ಹಾನಿಯಾಗಿದ್ದರಿಂದ ಹೊಸ ಊರಿಗೆ ಎರೆ ತೆಳುವಾಗಿರುವ ಜಾಗ ಹುಡುಕಿದರು. ಭೂಕಂಪಕ್ಕೆಂದು ಮಾಡಿದ ಈ ಸ್ಥಳಾಂತರ ತೇರಣಾದ ನೆರೆಯಿಂದಲೂ ಆ ಊರುಗಳನ್ನು ದೂರ ಇಟ್ಟಿತು. ಮನೆಯ ಅಳತೆ ಮಾತ್ರ ಜಮೀನಿನ ಲೆಕ್ಕದಲ್ಲಿ: ಭೂಮಿ ಇಲ್ಲದವರಿಗೂ ಒಂದು ಹೆಕ್ಟೇರ್ ಒಳಗಿನವರಿಗೂ 250 ಚದರ ಅಡಿ, ಏಳು ಹೆಕ್ಟೇರ್ ತನಕ ಇದ್ದವರಿಗೆ 400, ಅದಕ್ಕೂ ಮೇಲಿನವರಿಗೆ 750. ಹಳೆಯ ಗಾವಠಾಣದ ಮೇಲು-ಕೀಳು ಹೊಸ ಊರಿಗೆ ಚದರ ಅಡಿಯ ವೇಷದಲ್ಲಿ ಬಂತು ಎಂದರೆ ತಪ್ಪಾಗದು.

ಆ ಹೊಸ ಊರುಗಳದ್ದು ಸೆಟ್ಲ್‌ಮೆಂಟ್ ಕಾಲೊನಿಯ ರೂಪ. ನೇರ ಗೆರೆಯ ರಸ್ತೆ, ಅಗಲವಾದ ಬಯಲು, ಬಿಡಿಬಿಡಿ ಮನೆ, ಕಾಂಕ್ರೀಟ್ ತಾರಸಿ. ಗುಬಾಳ ಎಂಬ ಹಳ್ಳಿಯಲ್ಲಂತೂ ಗೋಲಾಕಾರದ ಗುಮ್ಮಟದ ಮನೆಗಳು ಎದ್ದವು. ಈಗಲೂ ಹೊರಗಿನವರು ನೋಡಲು ಬರುತ್ತಾರೆ. ದನದ ಅಂಕಣ ಎಲ್ಲೂ ಇಲ್ಲ. ಪಡಸಾಲೆ ಇಲ್ಲ. ಹಗೇವಿನ ಮಾತು ದೂರ. ಒಂದೆರಡು ವರ್ಷದಲ್ಲೇ ಜನ ತಗಡು ಹೊದಿಸಿ ಕೊಟ್ಟಿಗೆ ಮಾಡಿಕೊಂಡರು, ಬಿದ್ದ ಮನೆಯ ಕಲ್ಲು ತಂದು ಆವಾರ ಕಟ್ಟಿದರು, ಬಾಗಿಲ ಮುಂದೆ ಕಟ್ಟೆ ಎತ್ತರಿಸಿದರು. ಮರಾಠವಾಡದ ಈ ಪುನರ್ವಸತಿಯ ಬಗ್ಗೆ ರೋಹಿತ್ ಜಿಗ್ಯಾಸು 2002ರಲ್ಲಿ ನಾರ್ವೆಯ ವಿಶ್ವವಿದ್ಯಾಲಯಕ್ಕೆ ಬರೆದ ಸಂಶೋಧನಾ ಪ್ರಬಂಧ ಹಳೆಯ ಕಟ್ಟುವ ತಿಳಿವಳಿಕೆ ಹೇಗೆ ಕೈಬಿಟ್ಟುಹೋಯಿತು ಎಂಬುದನ್ನು ವಿವರವಾಗಿ ನೋಡುತ್ತದೆ. ಮಣ್ಣು, ಕಲ್ಲು ಎಂದರೆ ಸಾವು ಎಂಬ ಹೆದರಿಕೆ ಹೊಕ್ಕ ಮೇಲೆ, ಅವುಗಳಲ್ಲಿ ಒಳ್ಳೆಯದಿತ್ತು ಎಂದು ಹೇಳುವ ಧೈರ್ಯ ಯಾರಿಗೂ ಉಳಿಯಲಿಲ್ಲ.

ಕಂಬದ ಮೇಲಿನ ಮನೆಯ ಪ್ರಶ್ನೆಗೆ ಈ ಚರಿತ್ರೆ ಎದುರಾಗುವುದು ಇಲ್ಲಿ. 1993ರ ತನಕ ಭೂಕಂಪದ ನಕಾಶೆಯಲ್ಲಿ ಅತಿ ಸುರಕ್ಷಿತವಾದ ಒಂದನೆಯ ವಲಯದಲ್ಲಿದ್ದ ಈ ಸೀಮೆ 2002ರ ನಕಾಶೆಯಲ್ಲಿ ಮೂರನೆಯ ವಲಯಕ್ಕೆ ಏರಿತು. ನಡುವೆ, 2001ರ ಜನವರಿ 26ರಂದು ಕಛ್‌ನಲ್ಲಿ ಆದ ಭೂಕಂಪ ದೂರದ ಅಹಮದಾಬಾದಿನಲ್ಲಿ ಬೀಳಿಸಿದ್ದು ಹೆಚ್ಚಾಗಿ ಯಾವ ಕಟ್ಟಡಗಳನ್ನು? ಕೆಳಗೆ ಪಾರ್ಕಿಂಗ್‌ಗೆಂದು ಗೋಡೆ ಇಲ್ಲದೆ ಬರೀ ಕಂಬ ಬಿಟ್ಟು, ಮೇಲೆ ಭಾರ ಹೇರಿದವುಗಳನ್ನು. ನೆಲ ಅಲುಗಿದಾಗ ಮೇಲಿನ ಭಾರವೆಲ್ಲ ಒಂದೇ ಗಟ್ಟಿಯಾಗಿ ತೂಗುತ್ತದೆ, ಕಂಬದ ಬುಡ ಮತ್ತು ತಲೆ ಮುರಿಯುತ್ತವೆ. ನೆರೆಗೆ ಹೆದರಿ ಕಾಂಕ್ರೀಟ್ ಕಂಬದ ಮೇಲೆ ಇಟ್ಟಿಗೆ ಗೋಡೆ, ಸ್ಲ್ಯಾಬಿನ ಮನೆ ಹತ್ತಿಸುವವರು ಸರಿಯಾದ ಲೆಕ್ಕವಿಲ್ಲದೆ ಕಟ್ಟಿದರೆ ಕಿಲ್ಲಾರಿಯ ಮಗ್ಗುಲಲ್ಲಿ ಅಹಮದಾಬಾದನ್ನು ಕಟ್ಟಿದಂತೆ.

ಅಸ್ಸಾಮಿನ ಮಿಸಿಂಗ್ ಜನ ಬ್ರಹ್ಮಪುತ್ರೆಯ ದಂಡೆಯಲ್ಲಿ ‘ಚಾಂಗ್ ಘರ್’ ಎಂಬ ಕಂಬದ ಮನೆಯಲ್ಲೇ ತಲೆಮಾರುಗಳಿಂದ ಬಾಳಿದ್ದಾರಲ್ಲ, ಅಲ್ಲಿ ಭೂಕಂಪ ಇನ್ನೂ ಜೋರಲ್ಲವೆ ಎಂದು ಕೇಳಬಹುದು. ಸರಿಯಾದ ಪ್ರಶ್ನೆಯೇ. ಅದು ಬಿದಿರಿನ ಮನೆ. ಇಡೀ ಮನೆಯ ತೂಕ ಇಲ್ಲಿಯ ಒಂದು ಅಂಕಣದ ಮಾಳಿಗೆ ಮಣ್ಣಿನಷ್ಟೂ ಇರದು. ಅಲುಗಿದರೆ ಬಳುಕುತ್ತದೆ, ನೆರೆ ಏರಿದ ವರ್ಷ ನೆಲದ ತಟ್ಟಿಯನ್ನೇ ಮೇಲಕ್ಕೆ ಕಟ್ಟಿಕೊಳ್ಳುತ್ತಾರೆ. ತೇರಣಾ ದಂಡೆಯಲ್ಲಿ ಅಷ್ಟು ಬಿದಿರು ಎಲ್ಲಿದೆ? ಇಲ್ಲಿಯ ಬೇಸಿಗೆಯ ಬಿಸಿಲಿಗೆ ದಪ್ಪ ಗೋಡೆ ಬೇಡವೆಂದು ಹೇಳುವವರಾದರೂ ಯಾರು?

ಇನ್ನು ಎರೆ. ನೀರು ಕುಡಿದರೆ ಉಬ್ಬಿ ಪಾಯವನ್ನೇ ಎತ್ತುತ್ತದೆ, ಒಣಗಿದರೆ ಕೈ ಇಳಿಯುವಷ್ಟು ಬಿರಿದು ಪಾಯವನ್ನು ಕೆಳಗೆ ಬಿಡುತ್ತದೆ. ಈ ಏರಿಳಿತ ಸುಮಾರು ಮೂರೂವರೆ ಮೀಟರ್ ಆಳದ ತನಕ ಇರುತ್ತದೆಂದು ಎಂಜಿನಿಯರುಗಳ ಲೆಕ್ಕ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಇದಕ್ಕೆಂದೇ, ಆ ಆಳಕ್ಕೆ ಕಿರಿದಾದ ಗುಂಡಿ ಕೊರೆದು ತಳದಲ್ಲಿ ಅದರ ಎರಡೂವರೆ ಪಟ್ಟು ಅಗಲದ ಉಬ್ಬು ಬಿಟ್ಟು ಕಾಂಕ್ರೀಟ್ ತುಂಬುವ ‘ಅಂಡರ್-ರೀಮ್ಡ್ ಪೈಲ್’ ರೂಢಿಗೆ ತಂದರು. ಕಂಬದ ಮನೆಯೇ ಬೇಕೆನ್ನುವವರಿಗೆ ಈ ನೆಲದಲ್ಲಿ ಅದೇ ದಾರಿ. ಆದರೆ ಅದಕ್ಕೆ ಯಂತ್ರ ಬೇಕು, ಬಲ್ಲ ಗುತ್ತಿಗೆದಾರ ಬೇಕು. ಮನೆಯ ದುಡ್ಡಿನ ಒಂದು ಪಾಲು ನೆಲದೊಳಗೇ ಹೋಗುತ್ತದೆ.

ಇನ್ನೊಂದು ದಾರಿ ಮುಂಬೈ ಐಐಟಿಯಲ್ಲಿ ಹುಟ್ಟಿತು. ಅಲ್ಲಿಯ ಪ್ರಾಧ್ಯಾಪಕ ಆರ್. ಕೆ. ಕಟ್ಟಿ ಅವರು ಎರೆಯ ಮೇಲೆ ಉಬ್ಬದ, ಆದರೆ ಅಂಟುಗುಣವಿರುವ ಮಣ್ಣನ್ನು ಸುಮಾರು ಒಂದು ಮೀಟರ್ ದಪ್ಪಕ್ಕೆ ಹಾಸಿ ದಮ್ಮಸು ಮಾಡಿದರೆ ಕೆಳಗಿನ ಎರೆಯ ಉಬ್ಬರ ಬಹುಮಟ್ಟಿಗೆ ಅಡಗುತ್ತದೆ ಎಂದು ಪ್ರಯೋಗಗಳಿಂದ ತೋರಿಸಿದರು. ಎರೆಸೀಮೆಯಲ್ಲಿ ಹಾದುಹೋಗುವ ಮಲಪ್ರಭಾ ಕಾಲುವೆಗಳಲ್ಲಿ ಈ ಪದ್ಧತಿ ಬಳಕೆಗೆ ಬಂತು. ಅಂಥ ಮಣ್ಣಿಗೆ ದೂರ ಹೋಗಬೇಕಿಲ್ಲ. ಜೇಡಿ ಬೆರೆತ ಗರಸು ಬಹಳ ಕಡೆ ಕೆಲಸಕ್ಕೆ ಬರುತ್ತದೆ. ಎಂದರೆ, ಉಬ್ಬದ ಮಣ್ಣನ್ನು ಎರೆಯ ಮೇಲೆ ಪೇರಿಸಿ ಅದರ ಮೇಲೆ ಮನೆ ಕಟ್ಟಿದ ಪಾಂಢರಿಯ ಊರು ಗೊತ್ತಿದ್ದೋ ಗೊತ್ತಿಲ್ಲದೆಯೋ ಇದೇ ಕೆಲಸ ಮಾಡಿತ್ತು. ದಿಬ್ಬ ನೀರಿನಿಂದ ಮೇಲೆತ್ತುತ್ತದೆ, ಎರೆಯನ್ನೂ ಅಡಗಿಸುತ್ತದೆ; ಭೂಕಂಪಕ್ಕೆ ಮುರಿಯಲು ಕೆಳಗೆ ಕಾಲುಗಳೇ ಇಲ್ಲ.

ಈ ಕಾಲದ ಎತ್ತರದ ಮನೆ ಇಲ್ಲಿ ಹೇಗಿರಬಹುದೆಂದು ಇದರಿಂದ ಊಹಿಸುವುದು ಕಷ್ಟವಲ್ಲ. ಮೇಲಿನ ಎರೆ ಕೆತ್ತಿ ತೆಗೆದು, ಗರಸನ್ನು ಗೇಣು ದಪ್ಪದ ಪದರಗಳಲ್ಲಿ ಹಾಕಿ, ನೀರು ಚಿಮುಕಿಸಿ ರೋಲರ್ ಓಡಿಸಿ, ಗರಿಷ್ಠ ನೆರೆಮಟ್ಟಕ್ಕಿಂತ ಮೇಲೆ ಬರುವ ದಿಬ್ಬ. ಹೊಳೆ ಕಡೆಯ ಇಳಿಜಾರಿಗೆ ಕರಿಗಲ್ಲಿನ ಹೊದಿಕೆ. ಬಿದ್ದ ವಾಡೆಗಳ ಕಲ್ಲು ಊರೂರಲ್ಲಿ ಬಿದ್ದಿದೆ. ಮನೆಗೆ ಪಾಯದ ಮಟ್ಟ, ಬಾಗಿಲ ಮೇಲ್ಮಟ್ಟ, ಸೂರಿನ ಮಟ್ಟ ಮೂರರಲ್ಲೂ ಸುತ್ತ ಕಾಂಕ್ರೀಟ್ ಪಟ್ಟಿ. ಛಾವಣಿ ಹಗುರ. ದನಕ್ಕೆ ಮೆಟ್ಟಿಲಲ್ಲ, ಓರೆದಾರಿ. ಗಢಿಯಲ್ಲಿ ಕುದುರೆಗೆ ಮಾಡಿದಂತೆ. ಕರೆಂಟಿನ ಬೋರ್ಡು ಎದೆಮಟ್ಟಕ್ಕೆ. ನಕಾಶೆ ಬರೆಯುವವರು ಹೆಚ್ಚಾಗಿ ಮರೆಯುವುದು ಪಾಯಖಾನೆಯ ಗುಂಡಿಯನ್ನು: ಮನೆ ಎತ್ತರದಲ್ಲಿದ್ದು ಗುಂಡಿ ಕೆಳಗಿನ ಎರೆಯಲ್ಲಿದ್ದರೆ ನೆರೆ ಬಂದ ದಿನ ಅದು ಊರಿನ ಬಾವಿಗೆ ಹರಿಯುತ್ತದೆ. ಗುಂಡಿಯೂ ದಿಬ್ಬದೊಳಗೇ ಇರಬೇಕು.

ಎತ್ತರ ಎಷ್ಟು ಎಂಬುದಕ್ಕೆ ಮಹಾರಾಷ್ಟ್ರದ ನೀರಾವರಿ ಇಲಾಖೆಯ ಎರಡು ಗೆರೆಗಳಿವೆ. ಇಪ್ಪತ್ತೈದು ವರ್ಷಕ್ಕೊಮ್ಮೆ ಬರಬಹುದಾದ ನೆರೆಗೆ ನೀಲಿ, ನೂರು ವರ್ಷಕ್ಕೊಮ್ಮೆಯದಕ್ಕೆ ಕೆಂಪು. ನೀಲಿಯೊಳಗೆ ಕಟ್ಟಬಾರದು, ನೀಲಿ-ಕೆಂಪಿನ ನಡುವೆ ಕಟ್ಟಡಕ್ಕೆ ನಿರ್ಬಂಧವಿದೆ. ಪೇಟೆಯ ಫ್ಲ್ಯಾಟು ಕೊಳ್ಳುವವರು ಈ ಗೆರೆಗಳ ಬಗ್ಗೆ ಜಗಳವಾಡುತ್ತಾರೆ. ಹಳ್ಳಿಯಲ್ಲಿ ಗೆರೆಗಿಂತ ಮುಂಚೆ ಸಿಮೆಂಟ್ ರಸ್ತೆ ಬರುತ್ತದೆ. ಹಳೆಯ ರಸ್ತೆಯ ಮೇಲೆ ಹೊಸದನ್ನು ಸುರಿಯುವಾಗ ಬೀದಿ ಪ್ರತಿ ಸಲ ಅಷ್ಟಷ್ಟು ಏರಿ, ತಾತ ಎರಡು ಮೆಟ್ಟಿಲಿಟ್ಟು ಕಟ್ಟಿದ ಮನೆ ಬೀದಿಗಿಂತ ತಗ್ಗಾಗಿ, ಹೊಳೆ ಬರದಿದ್ದರೂ ಮಳೆನೀರು ಪಡಸಾಲೆಗೆ ಇಳಿಯುತ್ತದೆ.

ಗಡಿಯ ಈಚೆಗೆ ಕರ್ನಾಟಕ ಕಂಡ ಅನುಭವವೂ ಇದಕ್ಕೆ ಹೊಂದುತ್ತದೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಆರಂಭದ ಮಳೆಗೆ ಉತ್ತರ ಕರ್ನಾಟಕದ ಮಣ್ಣಿನ ಮಾಳಿಗೆಗಳು ಸಾವಿರಾರು ಸಂಖ್ಯೆಯಲ್ಲಿ ಕುಸಿದವು. ‘ಆಸರೆ’ ಯೋಜನೆಯಲ್ಲಿ ಹೊಸ ಜಾಗದಲ್ಲಿ ಸಾಲು ಮನೆಗಳು ಎದ್ದವು, ಕೊಡುಗೈ ದಾನಿಗಳೂ ಬಂದರು. ಆದರೆ ಹೊಲಕ್ಕೆ ದೂರ, ದನಕ್ಕೆ ಜಾಗವಿಲ್ಲ ಎಂದು ಎಷ್ಟೋ ಕಡೆ ಜನ ಹಳೆಯ ಊರಲ್ಲೇ ಉಳಿದರು. ಖಾಲಿ ಮನೆಗಳಲ್ಲಿ ಮುಳ್ಳುಕಂಟಿ ಬೆಳೆಯಿತು. 2019ರ ನೆರೆಯ ಹೊತ್ತಿಗೆ ಸರ್ಕಾರ ಪೂರ್ತಿ ಬಿದ್ದ ಮನೆಗೆ ಐದು ಲಕ್ಷ ರೂಪಾಯಿ ಘೋಷಿಸಿ, ಕಟ್ಟಿಕೊಳ್ಳುವುದನ್ನು ಮನೆಯವರಿಗೇ ಬಿಟ್ಟಿತು. ದುಡ್ಡು ಹೆಚ್ಚಾಯಿತು, ಎತ್ತರದ ಜವಾಬ್ದಾರಿ ಒಂಟಿ ಮನೆಯ ಹೆಗಲಿಗೆ ಬಂತು.

ಹಾಲೆಂಡಿನವರು ಮತ್ತೆ ದಿಬ್ಬಕ್ಕೆ ಮರಳಿದ್ದಾರೆ. ಓವರ್‌ಡೀಪ್ ಎಂಬ ತಗ್ಗು ಪ್ರದೇಶವನ್ನು ಹೊಳೆಯ ನೆರೆಗೆ ಬಿಟ್ಟುಕೊಡಬೇಕೆಂದಾದಾಗ, ಅಲ್ಲಿಯ ಹೈನುಗಾರರೇ ಯೋಜನೆ ಬರೆದು ಸರ್ಕಾರದ ಮುಂದಿಟ್ಟರು: ದಂಡೆಗೆ ತಾಗಿ ಎತ್ತರದ ದಿಬ್ಬಗಳು, ಅವುಗಳ ಮೇಲೆ ಮನೆ, ಕೊಟ್ಟಿಗೆ. ಎಂಟು ದಿಬ್ಬಗಳು ಎದ್ದು, 2015ರ ಹೊತ್ತಿಗೆ ಕೆಲಸ ಮುಗಿಯಿತು. ಹೊಲ ಬೇಕಾದರೆ ಮುಳುಗಲಿ. ಜನ, ದನ ಅಲ್ಲೇ ಇರುತ್ತಾರೆ.

ತೇರಣಾ, ಮಾಂಜ್ರಾ ದಂಡೆಯಲ್ಲಿ ಇಂಥ ದಿಬ್ಬದ ಲೆಕ್ಕ ಹೀಗೆ ಬರುತ್ತದೆ. ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯ ಕನಿಷ್ಠ ಮನೆ 25 ಚದರ ಮೀಟರ್. ಬಯಲುಸೀಮೆಯಲ್ಲಿ ಸಹಾಯಧನ 1.20 ಲಕ್ಷ ರೂಪಾಯಿ. ಐದು ಮೀಟರ್ ಉದ್ದ-ಅಗಲದ ಆ ಮನೆಯ ಸುತ್ತ ಒಂದೊಂದು ಮೀಟರ್ ಅಂಗಳ ಬಿಟ್ಟು, ಪ್ರತಿ ಮೀಟರ್ ಎತ್ತರಕ್ಕೆ ಒಂದೂವರೆ ಮೀಟರ್ ಇಳಿಜಾರು ಕೊಟ್ಟು ಎರಡು ಮೀಟರ್ ಎತ್ತರಿಸಿದರೆ ಒಂದು ಮನೆಗೆ 206 ಘನ ಮೀಟರ್ ಮಣ್ಣು ಬೇಕು. ಇಲ್ಲಿಯವರ ಮಾಪನದಲ್ಲಿ 73 ಬ್ರಾಸ್. ಅಂಥ ಹತ್ತು ಮನೆಗಳು ಎರಡು ಸಾಲಾಗಿ ಒಂದೇ ದಿಬ್ಬದ ಮೇಲೆ ಕೂತರೆ ಇಳಿಜಾರು ಹೊರಗಿನ ಅಂಚಿಗೆ ಮಾತ್ರ ಸಾಕು. ಮನೆಯೊಂದಕ್ಕೆ 46 ಬ್ರಾಸ್ ಆದರೆ ಆಯಿತು. ಮಂಜೂರಾತಿ ಮಾತ್ರ ಒಬ್ಬೊಬ್ಬರ ಹೆಸರಿನಲ್ಲಿ, ಬೇರೆಬೇರೆ ವರ್ಷ, ಬೇರೆಬೇರೆ ಖಾತೆಗೆ ಬರುತ್ತದೆ. ಹತ್ತು ಮನೆಯವರು ಒಂದೇ ಬೇಸಿಗೆಯಲ್ಲಿ ಒಂದೇ ದಿಬ್ಬಕ್ಕೆ ಗರಸು ಹೊಡೆಸಬೇಕಾದರೆ ಗ್ರಾಮ ಪಂಚಾಯಿತಿಯೇ ಮುಂದೆ ನಿಲ್ಲಬೇಕು, ಯಾರ ಕೇರಿಯನ್ನು ಯಾರ ಪಕ್ಕ ಕೂರಿಸುವುದೆಂಬ ಹಳೆಯ ತಕರಾರನ್ನೂ ಅದೇ ಬಗೆಹರಿಸಬೇಕು.